ಮಗುವಿನ ಕಿವಿ ಕೆಳಗೆ ಗಂಟು: ಜೊಲ್ಲುಗ್ರಂಥಿಯ ಗಡ್ಡೆಯನ್ನು ಕ್ರಮ ತಪ್ಪದೆ ಪತ್ತೆ ಮಾಡುವುದು ಹೇಗೆ

"ಮಂಗನಬಾವು ಅಂದ್ಕೊಂಡಿದ್ವಿ ರೀ ಸಾಹೇಬ್ರ." ಕಿವಿ-ಮೂಗು-ಗಂಟಲಿನ ಓಪಿಡಿಯಲ್ಲಿ ಕೂತು ನಾನು ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅಷ್ಟು ಹೇಳುವ ಹೊತ್ತಿಗೆ ಗಂಟಿಗೆ ನಾಲ್ಕೈದು ತಿಂಗಳು ತುಂಬಿರುತ್ತದೆ. ಕೈಚೀಲದಲ್ಲಿ ಮೂರು ಬಗೆಯ ಆಂಟಿಬಯೋಟಿಕ್ ಚೀಟಿ, ಒಂದು ಸಿಟಿ ಸ್ಕ್ಯಾನ್, ಒಂದಷ್ಟು ರಕ್ತ ಪರೀಕ್ಷೆ. ಕೆಲವು ಮಕ್ಕಳಿಗೆ ಅರ್ಧ ಕೊಯ್ದು ಹೊಲಿದ ಗಾಯವೂ ಇರುತ್ತದೆ. ಖರ್ಚು ಆಗಿದೆ, ಓಡಾಟ ಆಗಿದೆ, ಆದರೆ ಗಂಟು ಏನು ಅಂತ ಮಾತ್ರ ಗೊತ್ತಾಗಿಲ್ಲ.

ಯಾಕೆ ಹೀಗಾಗುತ್ತದೆ ಅಂದರೆ, ಪರೀಕ್ಷೆಗಳು ಹಿಂದುಮುಂದಾಗಿರುತ್ತವೆ. ಮೊದಲು ಆಗಬೇಕಾದದ್ದು ಕೊನೆಗೆ, ಕೊನೆಗೆ ಆಗಬೇಕಾದದ್ದು ಮೊದಲಿಗೆ. ಧಾರವಾಡ, ಗದಗ, ಹಾವೇರಿ ಕಡೆಯ ತಂದೆ-ತಾಯಂದಿರು, ಊರಿನ ಡಾಕ್ಟರುಗಳು, ಆಶಾ ಕಾರ್ಯಕರ್ತೆಯರು ಈ ಕ್ರಮವನ್ನು ಕೈಯಲ್ಲಿ ಇಟ್ಟುಕೊಳ್ಳಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಕ್ಕಳ ಕಿವಿ ಕೆಳಗಿನ ಊತಗಳಲ್ಲಿ ಹೆಚ್ಚಿನವು ಗಡ್ಡೆಯೇ ಅಲ್ಲ. ಜೊಲ್ಲುಗ್ರಂಥಿಯ ಎಲ್ಲ ಗಡ್ಡೆಗಳನ್ನು ಎಣಿಸಿದರೆ ಮಕ್ಕಳ ಪಾಲು ನೂರಕ್ಕೆ 5ಕ್ಕಿಂತ ಕಡಿಮೆ. ಆದರೆ ಗಟ್ಟಿಯಾದ ನಿಜವಾದ ಗಡ್ಡೆ ಅಂತ ಆದರೆ, ಅದು ಕ್ಯಾನ್ಸರ್ ಆಗಿರುವ ಸಾಧ್ಯತೆ ದೊಡ್ಡವರಿಗಿಂತ ಮಕ್ಕಳಲ್ಲಿ ಜಾಸ್ತಿ. ಅಪರೂಪ ಅನ್ನುವ ಕಾರಣಕ್ಕೆ ಕಾಯುತ್ತಾ ಕೂರಬಾರದು. ಹಾಗಂತ ಗಾಬರಿ ಬಿದ್ದು ಕೊಯ್ಯಿಸಲೂಬಾರದು.

ಮೊದಲು ಇವನ್ನು ಒಟ್ಟು ಮಾಡಿ

ದುಬಾರಿ ಸಾಮಾನು ಏನೂ ಬೇಡ. ಒಂದು ನೋಟ್‌ಬುಕ್ಕು, ಗೋಡೆ ಕ್ಯಾಲೆಂಡರು, ಒಳ್ಳೆ ಬೆಳಕಿನ ಬ್ಯಾಟರಿ, ಒಂದು ಚಮಚ, ಫೋಟೋ ತೆಗೆಯುವ ಫೋನು. ಜೊತೆಗೆ ತಾಯಿ ಕಾರ್ಡು ಅಥವಾ ಲಸಿಕೆ ಕಾರ್ಡು, ಈವರೆಗೆ ಕೊಟ್ಟ ಎಲ್ಲ ಔಷಧಿಯ ಚೀಟಿ, ರೇಷನ್ ಕಾರ್ಡು, ಆಧಾರ್. ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಫೈಲಿನಲ್ಲಿ ಇಡಿ. ಅಜ್ಜಿ ಮನೆಯಲ್ಲಿ ಒಂದು ಚೀಟಿ, ಮಾಮನ ಫೋನಿನಲ್ಲಿ ಒಂದು ರಿಪೋರ್ಟು ಅಂತ ಹಂಚಿಹೋದರೆ ಅದೇ ಪರೀಕ್ಷೆಯನ್ನು ಎರಡು ಸಲ ಮಾಡಿಸಬೇಕಾಗುತ್ತದೆ.

ಗಂಟಿನ ಮೇಲೆ ಏನನ್ನೂ ಹಚ್ಚಬೇಡಿ. ಸುಣ್ಣ-ಅರಿಶಿನ, ಬೇರಿನ ಲೇಪ, ಬರೆ ಯಾವುದೂ ಬೇಡ. ಇವುಗಳಿಂದ ಚರ್ಮ ಕೆಂಪಾಗಿ ದಪ್ಪವಾಗುತ್ತದೆ. ಆಮೇಲೆ ಆ ಕೆಂಪು ರೋಗದ್ದೋ ಲೇಪದ್ದೋ ಅಂತ ನಮಗೆ ತಿಳಿಯುವುದಿಲ್ಲ.

ಹಂತ 1: ಗಂಟು ಎಲ್ಲಿದೆ ಅಂತ ಸರಿಯಾಗಿ ಗುರುತಿಸಿ

ದೊಡ್ಡ ಜೊಲ್ಲುಗ್ರಂಥಿಗಳು ಮೂರು ಜೊತೆ. ಪರೋಟಿಡ್ ಕಿವಿಯ ಮುಂದೆ ಮತ್ತು ಕಿವಿಹಾಲೆಯ ಕೆಳಗೆ ಇರುತ್ತದೆ. ಎರಡನೆಯದು ದವಡೆ ಮೂಳೆಯ ಕೆಳಗೆ, ಮೂರನೆಯದು ನಾಲಿಗೆಯ ಅಡಿಗೆ. ಇವಲ್ಲದೆ ಅಂಗುಳ, ತುಟಿ, ಗಲ್ಲದ ಒಳಭಾಗದಲ್ಲಿ ನೂರಾರು ಪುಟ್ಟ ಗ್ರಂಥಿಗಳಿವೆ. ಮಕ್ಕಳ ಗಡ್ಡೆಗಳಲ್ಲಿ ಹೆಚ್ಚಿನವು ಪರೋಟಿಡ್‌ನಲ್ಲೇ ಬರುತ್ತವೆ.

ಮಗುವನ್ನು ಎದುರಿಗೆ ಕೂರಿಸಿ. ಎರಡೂ ಕಿವಿಹಾಲೆ ಒಂದೇ ಮಟ್ಟದಲ್ಲಿವೆಯಾ ನೋಡಿ. ಪರೋಟಿಡ್ ಊದಿದರೆ ಆ ಬದಿಯ ಹಾಲೆ ಮೇಲಕ್ಕೆ, ಹೊರಕ್ಕೆ ಎದ್ದಂತೆ ಕಾಣುತ್ತದೆ. ಹಿಂದಿನಿಂದ ನೋಡಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಎದುರಿನಿಂದ, ಎರಡೂ ಬದಿಯಿಂದ, ಹಿಂದಿನಿಂದ ಒಂದೊಂದು ಫೋಟೋ ತೆಗೆದಿಡಿ. ವಾರಕ್ಕೊಮ್ಮೆ ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ ಮತ್ತೆ ತೆಗೆಯಿರಿ.

ಇಲ್ಲಿ ಮಾತಿನ ಗೊಂದಲವೂ ಒಂದಿದೆ. ನಮ್ಮ ಕಡೆ ಗಲ್ಲ ಅಂದರೆ ಕೆನ್ನೆ. ಮೈಸೂರು ಕಡೆಯಿಂದ ಬಂದ ಡಾಕ್ಟರಿಗೆ "ಗಲ್ಲದಾಗ ಗಂಟಾಗೇತಿ" ಅಂದರೆ ಅವರು ಗದ್ದ ಹಿಡಿದು ನೋಡಬಹುದು. ಬಾಯಲ್ಲಿ ಹೇಳುವ ಬದಲು ಬೆರಳು ಇಟ್ಟು ತೋರಿಸಿ.

ಅಂಗುಳದ ಗಂಟು ಬಹಳ ಮೋಸ ಮಾಡುತ್ತದೆ. ನೋವಿಲ್ಲದೆ ಶೇಂಗಾ ಬೀಜದಷ್ಟು ಉಬ್ಬಿರುತ್ತದೆ, ಕೆಲವೊಮ್ಮೆ ನೀಲಿ ಛಾಯೆ ಇರುತ್ತದೆ. ಹಲ್ಲಿನ ಕೀವು ಅಂತ ಹಲ್ಲು ಕೀಳಿಸಿಕೊಂಡು ಬಂದವರಿದ್ದಾರೆ. ಹಲ್ಲು ಹೋಯಿತು, ಗಂಟು ಅಲ್ಲೇ ಉಳಿಯಿತು. ಹಲ್ಲಿಗೆ ಹುಳುಕಿಲ್ಲ, ಆದರೂ ಅಂಗುಳ ಉಬ್ಬಿದೆ ಅಂದರೆ ಹಲ್ಲಿನ ಆಚೆಗೂ ಯೋಚಿಸಬೇಕು.

ಹಂತ 2: ದಿನ ಎಣಿಸಿ

ಈ ಇಡೀ ಕೆಲಸದಲ್ಲಿ ಅತ್ಯಂತ ಅಗ್ಗದ ಪರೀಕ್ಷೆ ಕ್ಯಾಲೆಂಡರು. ಹೆಚ್ಚಿನವರು ಬಿಟ್ಟುಬಿಡುವುದೂ ಅದನ್ನೇ. "ಎಷ್ಟ ದಿನಾ ಆತವ್ವಾ?" ಅಂತ ಕೇಳಿದರೆ "ದೀಪಾವಳಿ ಮುಂದ ಇತ್ತೋ, ಹಿಂದ ಇತ್ತೋ" ಅನ್ನುವ ಉತ್ತರ ಬರುತ್ತದೆ. ಗಂಟು ಕಂಡ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಮಂಗನಬಾವು ಒಂದೆರಡು ದಿನದಲ್ಲಿ ಜೋರಾಗಿ ಊದುತ್ತದೆ. ಜ್ವರ ಇರುತ್ತದೆ, ಅಗಿದರೆ ನೋವು. ಮುಕ್ಕಾಲು ಪಾಲು ಮಕ್ಕಳಲ್ಲಿ ಎರಡೂ ಬದಿ ಊದುತ್ತದೆ. ಒಂದು ವಾರದಲ್ಲಿ, ಜಾಸ್ತಿ ಅಂದರೆ ಹತ್ತು ದಿನದಲ್ಲಿ ಇಳಿಯುತ್ತದೆ. ಸೋಂಕು ತಗುಲಿ 12ರಿಂದ 25 ದಿನದೊಳಗೆ ಕಾಣಿಸಿಕೊಳ್ಳುವುದರಿಂದ, ಶಾಲೆಯಲ್ಲೋ ಅಂಗನವಾಡಿಯಲ್ಲೋ ಬೇರೆ ಮಕ್ಕಳಿಗೆ ಬಂದಿತ್ತಾ ಅಂತ ಕೇಳಿ. "ಲಸಿಕಿ ಹಾಕ್ಸೀವ್ರೀ" ಅಂದರೆ ಕಾರ್ಡು ತೆಗೆದು ನೋಡಿ. ಸರ್ಕಾರಿ ಕಾರ್ಯಕ್ರಮದಲ್ಲಿ ಕೊಡುವುದು ದಡಾರ-ರುಬೆಲ್ಲಾ ಲಸಿಕೆ. ಅದರಲ್ಲಿ ಮಂಗನಬಾವಿನ ಪಾಲು ಇಲ್ಲ. ಖಾಸಗಿಯಾಗಿ ಎಂಎಂಆರ್ ಹಾಕಿಸಿದವರಿಗೆ ಮಾತ್ರ ಆ ರಕ್ಷಣೆ. ಹಾಗಾಗಿ ನಮ್ಮ ಕಡೆ ಮಂಗನಬಾವು ಇನ್ನೂ ಬರುತ್ತಲೇ ಇದೆ. ಕಿವಿ ಕೆಳಗಿನ ಪ್ರತಿ ಊತಕ್ಕೂ ಅದೇ ಹೆಸರು ಅಂಟಿಕೊಳ್ಳುವುದೂ ಅದಕ್ಕೇ.

ಮಂಗನಬಾವು ಅಂದುಕೊಂಡ ಊತ 2 ವಾರ ದಾಟಿದ ಮೇಲೂ ಉಳಿದಿದ್ದರೆ ಅದು ಮಂಗನಬಾವು ಅಲ್ಲ. ಒಂದೇ ಕಡೆ "ವರ್ಷಕ್ಕೆ ಮೂರ್ನಾಲ್ಕು ಸಲ ಮಂಗನಬಾವು ಬಂತು" ಅನ್ನುವುದೂ ಹಾಗೇ ಸುಳ್ಳು ಲೆಕ್ಕ. 3ರಿಂದ 6 ವರ್ಷದ ಹೊತ್ತಿಗೆ ಶುರುವಾಗುವ ಮರುಕಳಿಸುವ ಪರೋಟಿಡ್ ಊತ ಅಂತ ಒಂದಿದೆ. ಬರುತ್ತದೆ, ಕೆಲವು ದಿನದಲ್ಲಿ ಇಳಿಯುತ್ತದೆ, ಮತ್ತೆ ಬರುತ್ತದೆ. ದೊಡ್ಡವರಾಗುವ ಹೊತ್ತಿಗೆ ಹೆಚ್ಚಿನ ಮಕ್ಕಳಲ್ಲಿ ತಾನೇ ನಿಲ್ಲುತ್ತದೆ. ನಡುವೆ ಪೂರ್ತಿ ಇಳಿಯುತ್ತದಾ ಅನ್ನುವುದೇ ಇಲ್ಲಿನ ಮುಖ್ಯ ಪ್ರಶ್ನೆ. ಊತ ಇಳಿದ ಮೇಲೂ ಒಳಗೆ ಒಂದು ಗಂಟು ಕೈಗೆ ಸಿಕ್ಕರೆ ಆ ಗಂಟನ್ನು ಬೇರೆಯಾಗಿ ನೋಡಬೇಕು.

ಊಟಕ್ಕೆ ಕೂತಾಗ ಊದಿ, ಗಂಟೆಯಲ್ಲಿ ಇಳಿದರೆ ಜೊಲ್ಲು ಹರಿಯುವ ನಾಳದಲ್ಲಿ ಕಲ್ಲಿನ ಅನುಮಾನ. ಇದು ಹೆಚ್ಚಾಗಿ ದವಡೆ ಕೆಳಗಿನ ಗ್ರಂಥಿಯ ತೊಂದರೆ.

ಗಡ್ಡೆಯ ನಡೆ ಬೇರೆ. ಜ್ವರ ಇಲ್ಲ, ನೋವಿಲ್ಲ, ಊಟಕ್ಕೂ ಅದಕ್ಕೂ ಸಂಬಂಧವಿಲ್ಲ. ಮೆಲ್ಲಗೆ, ಸುಮ್ನೆ ಬೆಳೆಯುತ್ತದೆ. ನೋವಿಲ್ಲ ಅಂತ ಮನೆಯವರು ನಿಶ್ಚಿಂತೆಯಾಗಿರುತ್ತಾರೆ. ನನಗೆ ಚಿಂತೆ ಹತ್ತುವುದು ಅಲ್ಲೇ.

ಡಾಕ್ಟರುಗಳಿಗೆ ಒಂದು ಮಾತು. ಸೋಂಕಿನ ಲಕ್ಷಣ ಇದ್ದರೆ ಆಂಟಿಬಯೋಟಿಕ್ ಒಂದು ಸಲ ಕೊಡಿ. ತಪ್ಪಿಲ್ಲ. ಇಳಿಯಲಿಲ್ಲ ಅಂತ ಎರಡನೆಯದು, ಮೂರನೆಯದು ಬರೆಯುವ ಬದಲು ಸೋನೋಗ್ರಫಿಗೆ ಕಳಿಸಿ.

ಹಂತ 3: ಕೈಯಿಂದ ಮತ್ತು ಬಾಯೊಳಗೆ ಪರೀಕ್ಷೆ

ಯಂತ್ರಕ್ಕಿಂತ ಮೊದಲು ಬೆರಳು. ಗಂಟು ಮೂಗಿನ ತುದಿಯಷ್ಟು ಮೆತ್ತಗಿದೆಯಾ, ಹಣೆಯಷ್ಟು ಗಟ್ಟಿಯಿದೆಯಾ? ಬೆರಳಿಗೆ ಅಲುಗುತ್ತದಾ, ಬೇರು ಬಿಟ್ಟಂತೆ ಕೂತಿದೆಯಾ? ಮೇಲಿನ ಚರ್ಮ ಜಾರುತ್ತದಾ? ಮಗು ಅತ್ತಾಗ ದೊಡ್ಡದಾಗುತ್ತದಾ? ದವಡೆ ಕೆಳಗಿನದಾದರೆ ಒಂದು ಬೆರಳು ಬಾಯೊಳಗೆ, ಒಂದು ಕೈ ಹೊರಗೆ ಇಟ್ಟು ನಡುವೆ ಹಿಡಿದು ನೋಡಬೇಕು. ಕುತ್ತಿಗೆಯ ಎರಡೂ ಬದಿಯ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ತಡವಿ ನೋಡುವುದನ್ನು ಮರೆಯಬೇಡಿ.

ಆಮೇಲೆ ಮುಖದ ನರ. ಮುಖವನ್ನು ಆಡಿಸುವ ನರ ಪರೋಟಿಡ್ ಗ್ರಂಥಿಯ ಒಳಗಿನಿಂದಲೇ ಹಾದು ಕವಲೊಡೆಯುತ್ತದೆ. ಮಗುವಿಗೆ ಇದನ್ನು ಆಟ ಮಾಡಿ. "ತಮ್ಮಾ, ಹುಬ್ಬು ಏರಿಸು. ಕಣ್ಣು ಗಟ್ಟಿ ಮುಚ್ಚು. ಗಲ್ಲ ಉಬ್ಬಿಸು. ಸೀಟಿ ಹೊಡಿ. ಹಲ್ಲು ತೋರಿಸು." ಎರಡೂ ಬದಿ ಸಮ ಬರುತ್ತದಾ ಅಂತ ವಿಡಿಯೋ ಮಾಡಿಕೊಳ್ಳಿ. ಎಳೆ ಕೂಸಾದರೆ ಅಳುವಾಗ ಬಾಯಿ ಯಾವ ಕಡೆ ಎಳೆಯುತ್ತದೆ, ನಿದ್ದೆಯಲ್ಲಿ ಕಣ್ಣು ಪೂರ್ತಿ ಮುಚ್ಚುತ್ತದಾ ನೋಡಿ. ಈ ಪರೀಕ್ಷೆಗೆ ಎರಡು ನಿಮಿಷ ಸಾಕು. ಆದರೆ ನನ್ನ ಕೈಗೆ ಬರುವ ರೆಫರಲ್ ಚೀಟಿಗಳಲ್ಲಿ ಮುಖದ ನರದ ಬಗ್ಗೆ ಒಂದು ಸಾಲು ಇರುವುದು ಅಪರೂಪ.

ಬಾಯೊಳಗೆ, ಮೇಲಿನ ಎರಡನೇ ದವಡೆ ಹಲ್ಲಿನ ಎದುರು ಗಲ್ಲದಲ್ಲಿ ಒಂದು ಪುಟ್ಟ ತೂತು ಇದೆ. ಪರೋಟಿಡ್‌ನ ಜೊಲ್ಲು ಅಲ್ಲಿಂದ ಬರುತ್ತದೆ. ಹೊರಗಿನಿಂದ ಗ್ರಂಥಿಯನ್ನು ಮೆಲ್ಲಗೆ ಒತ್ತಿದರೆ ತಿಳಿ ಜೊಲ್ಲು ಬರಬೇಕು. ಕೀವು ಬಂದರೆ ಸೋಂಕು. ಚಮಚದಿಂದ ನಾಲಿಗೆ ಒತ್ತಿ ಟಾನ್ಸಿಲ್ ನೋಡಿ. ಒಂದೇ ಬದಿಯ ಟಾನ್ಸಿಲ್ ಒಳಕ್ಕೆ ತಳ್ಳಿದಂತಿದ್ದರೆ ಪರೋಟಿಡ್‌ನ ಆಳದ ಭಾಗದಲ್ಲಿ ಗಡ್ಡೆ ಇರಬಹುದು. ಹೊರಗಿನಿಂದ ಅದು ಚೂರೂ ಕಾಣಿಸದಿರಬಹುದು.

ಕಾಯಬಾರದ ಲಕ್ಷಣಗಳು

ಈ ಕೆಳಗಿನ ಯಾವುದೇ ಒಂದು ಕಂಡರೂ 2 ವಾರದ ಲೆಕ್ಕ ಬಿಟ್ಟುಬಿಡಿ, ಅದೇ ವಾರ ದೊಡ್ಡಾಸ್ಪತ್ರೆಗೆ ಹೋಗಿ:

- ಮುಖ ಒಂದು ಕಡೆ ಸೊಟ್ಟಗಾಗುವುದು, ಕಣ್ಣು ಮುಚ್ಚಲು ಬಾರದಿರುವುದು
- ವಾರದಿಂದ ವಾರಕ್ಕೆ ಕಣ್ಣಿಗೆ ಕಾಣುವಷ್ಟು ಬೆಳೆಯುವುದು
- ಕಲ್ಲಿನಂತೆ ಗಟ್ಟಿಯಾಗಿ, ಅಲುಗದೆ ಕೂತಿರುವುದು
- ಗಂಟಿನ ಮೇಲಿನ ಚರ್ಮ ಒಡೆದು ಹುಣ್ಣಾಗುವುದು
- ಬಾಯಿ ತೆರೆಯಲು, ನುಂಗಲು ಕಷ್ಟ
- ಗಂಟಿನ ಜೊತೆ ಕುತ್ತಿಗೆಯಲ್ಲಿ ಗಟ್ಟಿ ದುಗ್ಧಗ್ರಂಥಿಗಳು, ತೂಕ ಇಳಿಯುವುದು
- ಹಿಂದೆ ರಕ್ತ ಕ್ಯಾನ್ಸರಿಗೆ ಕಿಮೋ ಅಥವಾ ತಲೆ-ಕುತ್ತಿಗೆಗೆ ರೇಡಿಯೇಶನ್ ಪಡೆದ ಮಗು

ಉಸಿರಾಟಕ್ಕೆ ಕಷ್ಟ ಆದರೆ ವಾರವೂ ಬೇಡ, ಅದೇ ಗಳಿಗೆ ಹೊರಡಿ.

ಹಂತ 4: ವಯಸ್ಸನ್ನು ಲೆಕ್ಕಕ್ಕೆ ತನ್ನಿ

ಒಂದು ವರ್ಷದೊಳಗಿನ ಕೂಸಿನಲ್ಲಿ ಪರೋಟಿಡ್ ಗಂಟು ಅಂದರೆ ಮೊದಲು ನೆನಪಾಗಬೇಕಾದದ್ದು ರಕ್ತನಾಳದ ಗಡ್ಡೆ, ಹೆಮಾಂಜಿಯೋಮಾ. ಹುಟ್ಟಿದ ಕೆಲವು ವಾರಕ್ಕೆ ಕಾಣಿಸಿ, ಮೊದಲ ತಿಂಗಳುಗಳಲ್ಲಿ ಬೇಗ ಬೆಳೆದು, ಆಮೇಲೆ ವರ್ಷಗಟ್ಟಲೆ ನಿಧಾನವಾಗಿ ಕುಗ್ಗುತ್ತದೆ. ಮೆತ್ತಗಿರುತ್ತದೆ, ಮೇಲೆ ನೀಲಿ ಅಥವಾ ಕೆಂಪು ಛಾಯೆ ಇರಬಹುದು. ಇದಕ್ಕೆ ಸಾಮಾನ್ಯವಾಗಿ ಚಾಕು ಬೇಡ. ಬೇಕಾದರೆ ಡಾಕ್ಟರ ಕಣ್ಣೆದುರು ಪ್ರೊಪ್ರನೊಲಾಲ್ ಔಷಧಿ ಶುರು ಮಾಡುತ್ತಾರೆ. ನೀರು ತುಂಬಿದ ಚೀಲದಂತಿರುವ ದುಗ್ಧನಾಳದ ಊತವೂ ಈ ವಯಸ್ಸಿನದೇ.

ನವಜಾತ ಶಿಶುವಿನಲ್ಲಿ ಗಟ್ಟಿ ಗಂಟು ಇದ್ದರೆ ಮಾತು ಬೇರೆ. ತೀರಾ ಅಪರೂಪವಾದ ಸಯಲೋಬ್ಲಾಸ್ಟೋಮಾ ಅಂಥ ಗಡ್ಡೆಯನ್ನೂ ಯೋಚಿಸಬೇಕಾಗುತ್ತದೆ.

ಹತ್ತು ವರ್ಷದ ಆಸುಪಾಸಿನಿಂದ ಮೇಲಕ್ಕೆ ಗಟ್ಟಿ ಗಡ್ಡೆಗಳು ಹೆಚ್ಚು. ಅಪಾಯವಿಲ್ಲದವುಗಳಲ್ಲಿ ಪ್ಲಿಯೋಮಾರ್ಫಿಕ್ ಅಡಿನೋಮಾ ಮೊದಲನೆಯದು. ಕ್ಯಾನ್ಸರುಗಳಲ್ಲಿ ಮ್ಯೂಕೋಎಪಿಡರ್ಮಾಯ್ಡ್ ಕಾರ್ಸಿನೋಮಾ ಮೊದಲನೆಯದು, ಅದರ ಹಿಂದೆ ಅಸೈನಿಕ್ ಸೆಲ್ ಕಾರ್ಸಿನೋಮಾ. ಮಕ್ಕಳಲ್ಲಿ ಇವು ಹೆಚ್ಚಾಗಿ ಕಡಿಮೆ ದರ್ಜೆಯವು, ಅಂದರೆ ನಿಧಾನವಾಗಿ ಬೆಳೆಯುವವು. ಸರಿಯಾಗಿ ತೆಗೆದರೆ ಬಹಳ ಮಕ್ಕಳು ಗುಣವಾಗುತ್ತಾರೆ. ಪುಟ್ಟ ಮಕ್ಕಳಲ್ಲಿ ದುಗ್ಧಗ್ರಂಥಿಯ ಕ್ಯಾನ್ಸರಾದ ಲಿಂಫೋಮಾ, ಸ್ನಾಯುವಿನ ಕ್ಯಾನ್ಸರಾದ ರ್‍ಯಾಬ್ಡೋಮಯೋಸಾರ್ಕೋಮಾ ಕೂಡ ಪರೋಟಿಡ್ ಗಂಟಿನ ವೇಷದಲ್ಲಿ ಬರುವುದುಂಟು.

ಹಂತ 5: ಸೋನೋಗ್ರಫಿ

ಮೊದಲ ಚಿತ್ರ ಯಾವಾಗಲೂ ಇದೇ. ವಿಕಿರಣ ಇಲ್ಲ, ಮಗುವನ್ನು ಮಲಗಿಸುವ ಔಷಧಿ ಬೇಡ, ಅವ್ವನ ತೊಡೆಯ ಮೇಲೆ ಕೂರಿಸಿಯೇ ಮಾಡಬಹುದು. ತಾಲೂಕು ಊರುಗಳಲ್ಲೂ ಸಿಗುತ್ತದೆ.

ಆದರೆ ಚೀಟಿಯಲ್ಲಿ ಬರೀ "ಕುತ್ತಿಗೆ ಸ್ಕ್ಯಾನ್" ಅಂತ ಬರೆದರೆ ಅಷ್ಟೇ ಉತ್ತರ ಬರುತ್ತದೆ. ನಾನು ನೋಡಿದ ಒಂದು ರಿಪೋರ್ಟಿನಲ್ಲಿ "ಮೃದು ಅಂಗಾಂಶದ ಊತ" ಅನ್ನುವ ಒಂದೇ ಸಾಲಿತ್ತು. ಊತ ಇದೆ ಅಂತ ಮಗುವಿನ ಅಜ್ಜಿಗೂ ಗೊತ್ತಿತ್ತು! ಚೀಟಿಯಲ್ಲಿ ಹೀಗೆ ಕೇಳಿ: ಗಂಟು ಗ್ರಂಥಿಯ ಒಳಗೋ ಹೊರಗೋ? ಗಟ್ಟಿಯೋ, ನೀರಿನ ಚೀಲವೋ, ಎರಡೂ ಸೇರಿದೆಯೋ? ಮೂರೂ ಅಳತೆ ಮಿಲಿಮೀಟರಿನಲ್ಲಿ ಎಷ್ಟು? ಅಂಚು ನುಣುಪೋ, ಹರಡಿದೆಯೋ? ಡಾಪ್ಲರ್‌ನಲ್ಲಿ ರಕ್ತದ ಹರಿವು ಹೇಗಿದೆ? ಎದುರು ಬದಿಯ ಗ್ರಂಥಿ, ಕುತ್ತಿಗೆಯ ದುಗ್ಧಗ್ರಂಥಿಗಳು ಹೇಗಿವೆ? ಹೊಟ್ಟೆ ನೋಡುವ ಬಾಗಿದ ಪ್ರೋಬ್‌ನಿಂದ ಈ ಕೆಲಸ ಆಗುವುದಿಲ್ಲ. ಚರ್ಮದ ಹತ್ತಿರದ ಭಾಗ ನೋಡುವ ಹೈ ಫ್ರೀಕ್ವೆನ್ಸಿ ಲೀನಿಯರ್ ಪ್ರೋಬ್ ಬೇಕು.

ಕೂಸಿನಲ್ಲಿ ಸೋನೋಗ್ರಫಿ ಮತ್ತು ಡಾಪ್ಲರ್ ಸ್ಪಷ್ಟವಾಗಿ ಹೆಮಾಂಜಿಯೋಮಾ ತೋರಿಸಿದರೆ ಪತ್ತೆ ಕೆಲಸ ಬಹುತೇಕ ಇಲ್ಲಿಗೇ ಮುಗಿಯಿತು. ಅದಕ್ಕೆ ಸೂಜಿ ಚುಚ್ಚಬೇಡಿ, ರಕ್ತ ಸುರಿಯುತ್ತದೆ. ಗ್ರಂಥಿಯ ತುಂಬ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು ಕಂಡು, ಹಿಂದಿನ ಕತೆಯೂ ಹೊಂದಿದರೆ ಮರುಕಳಿಸುವ ಊತ.

ಸೋನೋಗ್ರಫಿಗೆ ಒಂದು ಮಿತಿ ಇದೆ. ದವಡೆ ಮೂಳೆಯ ಹಿಂದಿನ ಆಳದ ಭಾಗ ಅದಕ್ಕೆ ಕಾಣುವುದಿಲ್ಲ.

ಹಂತ 6: ರಕ್ತ ಪರೀಕ್ಷೆ ಮತ್ತು ಟಿಬಿ

ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ. ಜೊಲ್ಲುಗ್ರಂಥಿಯ ಗಡ್ಡೆಯನ್ನು ಹೇಳುವ ರಕ್ತ ಪರೀಕ್ಷೆ ಇಲ್ಲ. "ಟ್ಯೂಮರ್ ಮಾರ್ಕರ್ ಪ್ಯಾಕೇಜ್" ಅಂತ ಯಾರಾದರೂ ಹೇಳಿದರೆ ಆ ದುಡ್ಡನ್ನು ಎಂಆರ್‌ಐಗೆ ಉಳಿಸಿ. ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿಸಿ, ಸೋಂಕು ಮತ್ತು ರಕ್ತ ಕ್ಯಾನ್ಸರಿನ ಸುಳಿವಿಗೆ ಅದು ಬೇಕು. ಎರಡೂ ಪರೋಟಿಡ್ ತಿಂಗಳುಗಟ್ಟಲೆ ಊದಿದ್ದರೆ ಎಚ್‌ಐವಿ ಪರೀಕ್ಷೆಯನ್ನು ಮುಜುಗರ ಪಡದೆ ಮಾಡಿಸಿ.

ಟಿಬಿಯನ್ನು ನಮ್ಮಲ್ಲಿ ಎಂದೂ ಮರೆಯುವ ಹಾಗಿಲ್ಲ. ಪರೋಟಿಡ್ ಒಳಗಿನ ದುಗ್ಧಗ್ರಂಥಿಗೆ ಟಿಬಿ ಬಂದರೆ ಥೇಟ್ ಗಡ್ಡೆಯಂತೆಯೇ ಇರುತ್ತದೆ. ಆದರೆ ಪುರಾವೆ ಇಲ್ಲದೆ "ಟಿಬಿ ಇರಬಹುದು, ಆರು ತಿಂಗಳು ಮಾತ್ರೆ ಕೊಟ್ಟು ನೋಡೋಣ" ಅನ್ನುವುದು ಸರಿಯಲ್ಲ. ಸೂಜಿ ಪರೀಕ್ಷೆಯಲ್ಲಿ (ಹಂತ 8) ತೆಗೆದ ದ್ರವವನ್ನೇ ಟಿಬಿ ರೋಗಾಣು ಹುಡುಕುವ ಸಿಬಿನ್ಯಾಟ್‌ಗೂ ಕಳಿಸಿ. ಸರ್ಕಾರಿ ವ್ಯವಸ್ಥೆಯಲ್ಲಿ ಅದು ಉಚಿತ.

ಹಂತ 7: ಎಂಆರ್‌ಐ

ಗಟ್ಟಿ ಗಡ್ಡೆ ಅಂತಾದರೆ ಮುಂದಿನದು ಕಾಂಟ್ರಾಸ್ಟ್ (ಗಡ್ಡೆ ಎದ್ದು ಕಾಣಲು ಕೊಡುವ ಔಷಧಿ) ಹಾಕಿ ಮಾಡುವ ಎಂಆರ್‌ಐ. ಗಡ್ಡೆ ಎಷ್ಟು ಆಳಕ್ಕೆ ಹೋಗಿದೆ, ನರದ ದಾರಿಯ ಹತ್ತಿರ ಇದೆಯಾ, ತಲೆಬುರುಡೆಯ ಬುಡಕ್ಕೆ ಹಬ್ಬಿದೆಯಾ ಅನ್ನುವುದು ಇದರಲ್ಲಿ ಕಾಣುತ್ತದೆ. ಸಾಧ್ಯವಾದರೆ ಸೂಜಿ ಪರೀಕ್ಷೆಗಿಂತ ಮೊದಲೇ ಮಾಡಿಸಿ. ಸೂಜಿ ಹಾಕಿದಾಗ ಒಳಗೆ ರಕ್ತ ಜಿನುಗಿದ್ದರೆ ಚಿತ್ರ ಕದಡುತ್ತದೆ.

ಸಿಟಿ ಸ್ಕ್ಯಾನ್ ಬೇಗ ಆಗುತ್ತದೆ, ಅಗ್ಗ, ಎಲ್ಲ ಕಡೆ ಸಿಗುತ್ತದೆ ಅಂತ ಮೊದಲು ಅದನ್ನೇ ಬರೆಯುವವರಿದ್ದಾರೆ. ಮಕ್ಕಳ ಮೈ ವಿಕಿರಣಕ್ಕೆ ದೊಡ್ಡವರಿಗಿಂತ ನಾಜೂಕು. ಮೂಳೆ ನೋಡಬೇಕಾದಾಗ, ಕಲ್ಲಿನ ಅನುಮಾನ ಇದ್ದಾಗ, ಆಳದ ಕೀವಿನ ತುರ್ತಿನಲ್ಲಿ ಸಿಟಿ ಸರಿ. ಸುಮ್ನೆ ಒಂದಿರಲಿ ಅಂತ ಬೇಡ.

ಸಣ್ಣ ಮಕ್ಕಳಿಗೆ ಎಂಆರ್‌ಐ ಹೊತ್ತಿಗೆ ನಿದ್ದೆ ಬರಿಸಬೇಕಾಗುತ್ತದೆ. ಅದಕ್ಕೆ ಹೊಟ್ಟೆ ಖಾಲಿ ಇರಬೇಕು. ಸಾಮಾನ್ಯ ಲೆಕ್ಕ ಹೀಗೆ: ಊಟ, ತಿಂಡಿ, ಹಸುವಿನ ಹಾಲು 6 ಗಂಟೆ ಮೊದಲು ನಿಲ್ಲಿಸಬೇಕು, ಎದೆಹಾಲು 4 ಗಂಟೆ, ಬರೀ ನೀರು 2 ಗಂಟೆ. ನಿಮ್ಮ ಅರಿವಳಿಕೆ ಡಾಕ್ಟರು ಬೇರೆ ಲೆಕ್ಕ ಹೇಳಿದರೆ ಅವರದ್ದೇ ನಡೆಯಲಿ. ಹಾನಗಲ್, ಮುಂಡರಗಿಯಿಂದ ಬೆಳಗ್ಗೆ ಬಸ್ಸು ಹತ್ತುವವರು ಇಲ್ಲೇ ಎಡವುತ್ತಾರೆ. ದಾರಿಯಲ್ಲಿ ಮಗು ಅತ್ತಿತು ಅಂತ ಬಿಸ್ಕೀಟು ಕೊಡುತ್ತಾರೆ, ಅವತ್ತಿನ ಸ್ಕ್ಯಾನ್ ಕೈ ತಪ್ಪುತ್ತದೆ. ದೂರದವರು ಹಿಂದಿನ ದಿನವೇ ಬಂದು ಉಳಿಯುವುದು ವಾಸಿ. ಕಾಲ್ಗೆಜ್ಜೆ, ಉಡಿದಾರದ ತಾಯತ, ಕಿವಿಯ ರಿಂಗು ಮನೆಯಲ್ಲೇ ಬಿಚ್ಚಿಡಿ.

ಹಂತ 8: ಸೂಜಿ ಪರೀಕ್ಷೆ

ಇದಕ್ಕೆ ಎಫ್‌ಎನ್‌ಎಸಿ ಅನ್ನುತ್ತಾರೆ. ರಕ್ತ ತೆಗೆಯುವ ಸೂಜಿಗಿಂತ ದಪ್ಪವಿಲ್ಲದ, 22ರಿಂದ 25 ಗೇಜಿನ ಸೂಜಿಯಿಂದ ಗಂಟಿನ ಕೆಲವು ಕೋಶಗಳನ್ನು ಹೀರಿ ಗಾಜಿನ ಮೇಲೆ ಹರಡುತ್ತಾರೆ. "ಸೂಜಿ ಚುಚ್ಚಿದ್ರ ಹರಡ್ತೈತಂತಲ್ರೀ" ಅಂತ ಎಲ್ಲರೂ ಕೇಳುತ್ತಾರೆ. ಇಷ್ಟು ಸಣ್ಣ ಸೂಜಿಯಿಂದ ಗಡ್ಡೆ ಹರಡುತ್ತದೆ ಅನ್ನುವ ಭಯ ಬೇಡ. ಹರಡುವ ಭಯ ಇರುವುದು ಮುಂದಿನ ಹಂತದಲ್ಲಿ ಹೇಳುವ ಅರೆಬರೆ ಕೊಯ್ತಕ್ಕೆ.

ಸೋನೋಗ್ರಫಿ ನೋಡುತ್ತಾ ಸೂಜಿ ಹಾಕಿಸಿ. ಗಂಟು ನೀರಿನ ಚೀಲ ಮತ್ತು ಗಟ್ಟಿ ಭಾಗ ಎರಡೂ ಆಗಿದ್ದರೆ ಗಟ್ಟಿ ಭಾಗದಿಂದಲೇ ತೆಗೆಯಬೇಕು. ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ರಾಣೆಬೆನ್ನೂರು ಕಡೆಯ ಒಬ್ಬ ಹುಡುಗನಿಗೆ ಎಲ್ಲೋ ಒಂದು ಕಡೆ ಸೂಜಿ ಹಾಕಿದರು. ದ್ರವ ಬಂತು, ಗಂಟು ಇಳಿಯಿತು. "ನೀರ್ಗುಳ್ಳೆ, ಏನಿಲ್ಲ" ಅಂತ ಕಳಿಸಿದರು. ಮೂರು ತಿಂಗಳಿಗೆ ಮತ್ತೆ ತುಂಬಿತು, ಮತ್ತೆ ಹೀರಿದರು. ಮೂರನೆಯ ಸಲ ನನ್ನ ಹತ್ತಿರ ಬಂದಾಗ ಗಟ್ಟಿ ಭಾಗಕ್ಕೆ ಸೂಜಿ ಹಾಕಿಸಿದೆವು. ಕಡಿಮೆ ದರ್ಜೆಯ ಮ್ಯೂಕೋಎಪಿಡರ್ಮಾಯ್ಡ್ ಇತ್ತು. ಈ ಕ್ಯಾನ್ಸರಿಗೆ ನೀರಿನ ಚೀಲದ ವೇಷ ಹಾಕುವ ಚಾಳಿ ಇದೆ. ದ್ರವದಲ್ಲಿ ಕೋಶಗಳೇ ಸಿಗದೆ ರಿಪೋರ್ಟು ಸುಳ್ಳು ಸಮಾಧಾನ ಕೊಡುತ್ತದೆ. ಹೀರಿದ ಮೇಲೆ ಉಳಿದ ಗಂಟಿಗೂ ಸೂಜಿ ಹಾಕಬೇಕು. ಮತ್ತೆ ತುಂಬಿದ ಚೀಲವನ್ನು ಮತ್ತೆ ಮತ್ತೆ ಹೀರುತ್ತಾ ಕೂರಬಾರದು.

ರಿಪೋರ್ಟು ಓದುವುದು ಹೇಗೆ? ಈಗ ಹಲವು ಲ್ಯಾಬುಗಳು ಮಿಲಾನ್ ಪದ್ಧತಿಯಲ್ಲಿ 6 ಗುಂಪು ಮಾಡಿ ಬರೆಯುತ್ತವೆ. 1 ಅಂದರೆ ಕೋಶಗಳು ಸಾಲಲಿಲ್ಲ. 2 ಗಡ್ಡೆಯಲ್ಲ. 3 ಖಚಿತವಿಲ್ಲ. 4ರಲ್ಲಿ ಎರಡು ಭಾಗ: ಒಂದು ಅಪಾಯವಿಲ್ಲದ ಗಡ್ಡೆ, ಇನ್ನೊಂದು ಗಡ್ಡೆ ಹೌದು, ಆದರೆ ಸ್ವಭಾವ ಹೇಳಲಾಗದು. 5 ಕ್ಯಾನ್ಸರಿನ ಅನುಮಾನ. 6 ಕ್ಯಾನ್ಸರ್.

ಜನ ತಪ್ಪು ತಿಳಿಯುವುದು 1ನೇ ಗುಂಪನ್ನು. "ಏನೂ ಸಿಗ್ಲಿಲ್ಲಂತ" ಅಂತ ಖುಷಿಯಾಗಿ ಊರಿಗೆ ಹೋಗುತ್ತಾರೆ. ಪರೀಕ್ಷೆ ಆಗಲೇ ಇಲ್ಲ ಅಂತ ಅದರ ಅರ್ಥ. ಇನ್ನೊಮ್ಮೆ ಮಾಡಿಸಬೇಕು. 2ನೇ ಗುಂಪು ಬಂದಿದ್ದೂ ಗಂಟು ಬೆಳೆಯುತ್ತಿದ್ದರೆ ರಿಪೋರ್ಟಿಗಿಂತ ಗಂಟನ್ನು ನಂಬಿ. ಎರಡು ಸಲವೂ ಉತ್ತರ ಸಿಗದಿದ್ದರೆ, ಅಥವಾ ಲಿಂಫೋಮಾದಂಥ ಅನುಮಾನ ಇದ್ದರೆ, ಸೋನೋಗ್ರಫಿ ನೋಡುತ್ತಾ ಸ್ವಲ್ಪ ದಪ್ಪ ಸೂಜಿಯಿಂದ ಕೋರ್ ಬಯಾಪ್ಸಿ ಮಾಡುವುದುಂಟು. ಅದು ಕೈ ಪಳಗಿದವರ ಕೆಲಸ.

ಹಂತ 9: ತುಂಡು ಕೊಯ್ಯಿಸಬೇಡಿ

ಮೈಯ ಬೇರೆ ಕಡೆ ಗಂಟಾದರೆ ಒಂದು ತುಂಡು ಕೊಯ್ದು ಪರೀಕ್ಷೆಗೆ ಕಳಿಸುವುದು ಸಾಮಾನ್ಯ. ಪರೋಟಿಡ್‌ನಲ್ಲಿ ಹಾಗೆ ಮಾಡುವುದಿಲ್ಲ. ಒಂದು, ಮುಖದ ನರ ಅಲ್ಲೇ ಇದೆ. ಎಳೆ ಮಕ್ಕಳಲ್ಲಿ ಕಿವಿ ಹಿಂದಿನ ಮೂಳೆ ಇನ್ನೂ ಬೆಳೆದಿರುವುದಿಲ್ಲ, ಹಾಗಾಗಿ ನರ ಚರ್ಮಕ್ಕೆ ಇನ್ನೂ ಹತ್ತಿರ. ಎರಡು, ಪ್ಲಿಯೋಮಾರ್ಫಿಕ್ ಅಡಿನೋಮಾದ ಚೀಲ ಒಡೆದು ಕೋಶಗಳು ಚೆಲ್ಲಿದರೆ ಹತ್ತು-ಹದಿನೈದು ವರ್ಷದ ಮೇಲೂ ಅದೇ ಜಾಗದಲ್ಲಿ ಹಲವು ಗಂಟುಗಳಾಗಿ ಏಳಬಹುದು. ಮತ್ತೆ ಮತ್ತೆ ಆಪರೇಷನ್, ಪ್ರತಿ ಸಲ ನರಕ್ಕೆ ಅಪಾಯ. ಗಂಟನ್ನಷ್ಟೇ ಬಟಾಣಿಯಂತೆ ಸುಲಿದು ತೆಗೆಯುವುದೂ ಅದಕ್ಕೇ ಬೇಡ.

ಇಲ್ಲಿ ಪತ್ತೆಯ ಕೊನೆಯ ಹೆಜ್ಜೆಯೇ ಪೂರ್ತಿ ಆಪರೇಷನ್. ನರವನ್ನು ಗುರುತಿಸಿ, ಕಾಪಾಡಿಕೊಂಡು, ಗಡ್ಡೆಯನ್ನು ಸುತ್ತಲಿನ ಆರೋಗ್ಯವಂತ ಗ್ರಂಥಿಯ ಜೊತೆಗೇ ತೆಗೆಯುತ್ತಾರೆ. ಲಿಂಫೋಮಾ ಮತ್ತು ರ್‍ಯಾಬ್ಡೋಮಯೋಸಾರ್ಕೋಮಾ ಇದಕ್ಕೆ ಹೊರತು. ಅವಕ್ಕೆ ಮೊದಲ ಚಿಕಿತ್ಸೆ ಹೆಚ್ಚಾಗಿ ಔಷಧಿ. ಅದಕ್ಕೇ 8ನೇ ಹಂತ ಬಿಟ್ಟು 9ಕ್ಕೆ ಹಾರಬಾರದು.

"ಕೊಬ್ಬಿನ ಗಂಟು, ಹತ್ತು ನಿಮಿಷದ ಕೆಲಸ" ಅನ್ನುವ ಮಾತಿಗೆ ಒಪ್ಪಬೇಡಿ. ಆಪರೇಷನ್ ಮಾಡುವವರನ್ನು ಮೂರು ಪ್ರಶ್ನೆ ಕೇಳಿ. ಮಕ್ಕಳ ಪರೋಟಿಡ್ ಆಪರೇಷನ್ ಮೊದಲು ಮಾಡಿದ್ದೀರಾ? ಮಕ್ಕಳ ಅರಿವಳಿಕೆಗೆ ಯಾರಿದ್ದಾರೆ? ತೆಗೆದ ಗಂಟು ಎಲ್ಲಿಗೆ ಹೋಗುತ್ತದೆ?

ಮೂರನೆಯ ಪ್ರಶ್ನೆ ವಿಚಿತ್ರ ಅನಿಸಬಹುದು. ಆದರೆ ತೆಗೆದ ಗಂಟನ್ನು ಕಸದ ಬುಟ್ಟಿಗೆ ಹಾಕಿದ ಕತೆ ನಾನು ಒಂದಕ್ಕಿಂತ ಜಾಸ್ತಿ ಕೇಳಿದ್ದೇನೆ. ಬರೀ ಸಲೈನಿನಲ್ಲಿ ಹಾಕಿ ಎರಡು ದಿನ ಕಿಟಕಿ ಮೇಲೆ ಇಟ್ಟಿದ್ದೂ ಇದೆ. ಗಂಟು 10 ಶೇಕಡಾ ಫಾರ್ಮಲಿನ್‌ನಲ್ಲಿ, ಗಂಟಿನ ಹತ್ತು ಪಟ್ಟು ದ್ರವದಲ್ಲಿ ಮುಳುಗಿರಬೇಕು. ಡಬ್ಬಿಯ ಮುಚ್ಚಳಕ್ಕಲ್ಲ, ಡಬ್ಬಿಯ ಮೈಗೇ ಹೆಸರು, ವಯಸ್ಸು, ಯಾವ ಬದಿ, ತಾರೀಖು ಅಂಟಿಸಿರಬೇಕು. ಮುಚ್ಚಳ ಅದಲುಬದಲಾಗುತ್ತದೆ. ಡಬ್ಬಿಯನ್ನು ಲ್ಯಾಬಿಗೆ ಒಯ್ಯುವ ಕೆಲಸ ನಿಮ್ಮ ಪಾಲಿಗೆ ಬಂದರೆ ಅದೇ ದಿನ ಮುಟ್ಟಿಸಿ ರಸೀದಿ ತೆಗೆದುಕೊಳ್ಳಿ.

ಹಂತ 10: ಬಯಾಪ್ಸಿ ರಿಪೋರ್ಟು

ಕೊನೆಯ ಹೆಸರು ಇಲ್ಲಿ ಸಿಗುತ್ತದೆ. ಅದರಲ್ಲಿ ಇಷ್ಟು ಇರಬೇಕು: ಗಡ್ಡೆಯ ಹೆಸರು, ಅಳತೆ, ಕ್ಯಾನ್ಸರಾದರೆ ದರ್ಜೆ, ಅಂಚಿನವರೆಗೆ ಗಡ್ಡೆ ಇದೆಯಾ, ನರ ಅಥವಾ ರಕ್ತನಾಳದೊಳಗೆ ಹೊಕ್ಕಿದೆಯಾ, ದುಗ್ಧಗ್ರಂಥಿಗಳಲ್ಲಿ ಇದೆಯಾ. ಇವುಗಳಲ್ಲಿ ಯಾವುದಾದರೂ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಈ ಗಡ್ಡೆಗಳು ಒಂದರಂತೆ ಇನ್ನೊಂದು ಕಾಣುತ್ತವೆ. ಮಕ್ಕಳದ್ದಂತೂ ಒಬ್ಬ ಪೆಥಾಲಜಿಸ್ಟ್ ಕಣ್ಣಿಗೆ ವರ್ಷದಲ್ಲಿ ಒಂದೆರಡು ಬಿದ್ದರೆ ಹೆಚ್ಚು. ಹಾಗಾಗಿ ಕ್ಯಾನ್ಸರ್ ಅಂತ ಬಂದರೆ ಎರಡನೆಯ ಅಭಿಪ್ರಾಯ ಕೇಳುವುದು ಯಾರಿಗೂ ಅವಮಾನವಲ್ಲ. ಅದಕ್ಕೆ ರಿಪೋರ್ಟಿನ ಕಾಗದ ಸಾಲದು, ಗಾಜಿನ ಸ್ಲೈಡುಗಳು ಮತ್ತು ಮೇಣದ ಬ್ಲಾಕು ಬೇಕು. ಲ್ಯಾಬಿನಲ್ಲಿ ಅರ್ಜಿ ಕೊಟ್ಟರೆ ಕೊಡುತ್ತಾರೆ. ಬ್ಲಾಕನ್ನು ಬಿಸಿಲಿಗೆ ಇಡಬೇಡಿ, ಮೇಣ ಕರಗುತ್ತದೆ. ಅದೇ ಬ್ಲಾಕಿನಿಂದ ವಿಶೇಷ ಬಣ್ಣದ ಪರೀಕ್ಷೆ, ಜೀನ್ ಪರೀಕ್ಷೆ ಮಾಡುತ್ತಾರೆ. ಮ್ಯೂಕೋಎಪಿಡರ್ಮಾಯ್ಡ್‌ಗೆ ಎಂಎಎಂಎಲ್2, ಸೆಕ್ರಿಟರಿ ಕಾರ್ಸಿನೋಮಾ ಅನ್ನುವ ಇನ್ನೊಂದು ಜೊಲ್ಲುಗ್ರಂಥಿ ಕ್ಯಾನ್ಸರಿಗೆ ಇಟಿವಿ6 ಜೀನಿನ ಬದಲಾವಣೆ ಹುಡುಕುತ್ತಾರೆ.

ಎಲ್ಲಿಗೆ ಹೋಗುವುದು, ಕಾಗದ ಏನು ಬೇಕು

ಮೊದಲ ಮೂರು ಹಂತ ನಿಮ್ಮೂರಲ್ಲೇ ಆಗಬೇಕು. ಅಂಗನವಾಡಿ, ಸರ್ಕಾರಿ ಶಾಲೆಗೆ ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೂ ತೋರಿಸಬಹುದು. 18 ವರ್ಷದವರೆಗಿನ ಮಕ್ಕಳನ್ನು ನೋಡಿ ಮುಂದಕ್ಕೆ ಕಳಿಸುವುದು ಅವರ ಕೆಲಸವೇ. ಸೋನೋಗ್ರಫಿ ತಾಲೂಕು ಅಥವಾ ಜಿಲ್ಲಾ ಮಟ್ಟದಲ್ಲಿ ಆಗುತ್ತದೆ. ಗದಗ ಮತ್ತು ಹಾವೇರಿಯಲ್ಲಿ ಈಗ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಅದಕ್ಕಿಂತ ಮುಂದಿನದಕ್ಕೆ ಹುಬ್ಬಳ್ಳಿಯ ಕಿಮ್ಸ್, ಸತ್ತೂರಿನ ಎಸ್‌ಡಿಎಂ. ಕಿಮ್ಸ್ ಹೆಸರು ಈಗ ಕೆಎಂಸಿಆರ್‌ಐ ಆಗಿದೆ, ಆದರೆ ಆಟೋದವರಿಗೆ ಕಿಮ್ಸ್ ಅಂದರೇ ತಿಳಿಯುವುದು. ಕ್ಯಾನ್ಸರ್ ಖಚಿತವಾದರೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಇದೆ, ಬೆಂಗಳೂರಿನ ಕಿದ್ವಾಯಿ ಇದೆ. ಹೊರಡುವ ಮೊದಲು ಫೋನು ಮಾಡಿ, ಮಕ್ಕಳಿಗೆ ನಿದ್ದೆ ಬರಿಸಿ ಎಂಆರ್‌ಐ ಮಾಡುವ ದಿನ ಯಾವುದು ಅಂತ ಕೇಳಿಕೊಳ್ಳಿ.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ತುರ್ತು ಅಲ್ಲದ ಕೆಲಸಕ್ಕೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಅದನ್ನು ಮೊದಲೇ ಬರೆಸಿಕೊಳ್ಳಿ. ದಾಖಲಾದ ಮೇಲೆ ಓಡಾಡುವುದು ಬಹಳ ಕಷ್ಟ. ರೇಷನ್ ಕಾರ್ಡಿನಲ್ಲಿ ಮಗುವಿನ ಹೆಸರು ಸೇರಿದೆಯಾ ಅಂತಲೂ ಈಗಲೇ ನೋಡಿ.

ಆಪರೇಷನ್ ಆದ ಮೇಲೆ ಮತ್ತೆ ಪತ್ತೆ

ಕ್ಯಾನ್ಸರಾಗಿದ್ದರೆ ಎದೆಯ ಸ್ಕ್ಯಾನ್ ಮಾಡಿ, ಸರ್ಜನ್, ಮಕ್ಕಳ ಕ್ಯಾನ್ಸರ್ ಡಾಕ್ಟರು, ರೇಡಿಯೇಶನ್ ಡಾಕ್ಟರು ಒಟ್ಟಿಗೆ ಕೂತು ಮುಂದಿನದನ್ನು ಹೇಳುತ್ತಾರೆ. ಅಪಾಯವಿಲ್ಲದ ಗಡ್ಡೆ ಅಂತ ಬಂದರೂ ತಪಾಸಣೆ ವರ್ಷಗಟ್ಟಲೆ ಬೇಕು. ಮದುವೆ ವಯಸ್ಸಿಗೆ ಬಂದ ಮಗಳಿಗೆ ಹತ್ತನೇ ವಯಸ್ಸಿನ ಆಪರೇಷನ್ ಫೈಲು ಬೇಕಾಗಬಹುದು. ಆ ಪ್ಲಾಸ್ಟಿಕ್ ಫೈಲನ್ನು ರದ್ದಿಗೆ ಹಾಕಬೇಡಿ.

ಆಪರೇಷನ್ ಆದ ಹೊಸದರಲ್ಲಿ ತುಟಿ ಸ್ವಲ್ಪ ಸೊಟ್ಟ ಕಾಣಬಹುದು. ನರ ಉಳಿದಿದ್ದರೆ ಹೆಚ್ಚಾಗಿ ಕೆಲವು ವಾರ, ತಿಂಗಳುಗಳಲ್ಲಿ ಸರಿಹೋಗುತ್ತದೆ. ಕಿವಿಹಾಲೆ ಮರಗಟ್ಟಿದಂತೆ ಅನಿಸುವುದೂ ಇದೆ. ಸರಿಯಾಗಿದ್ದ ಮುಖ ತಿಂಗಳುಗಳ ಮೇಲೆ ಹೊಸದಾಗಿ ಸೊಟ್ಟಗಾದರೆ ಮಾತ್ರ ತಕ್ಷಣ ಬನ್ನಿ.

ಇನ್ನೊಂದು ಸಂಗತಿ ತಾಯಂದಿರನ್ನು ಬಹಳ ಹೆದರಿಸುತ್ತದೆ. ಕೆಲವು ತಿಂಗಳ ಮೇಲೆ ಮಗು ಊಟಕ್ಕೆ ಕೂತಾಗ, ಅದರಲ್ಲೂ ಉಪ್ಪಿನಕಾಯಿ ನಂಜಿಕೊಂಡಾಗ, ಆಪರೇಷನ್ ಆದ ಗಲ್ಲ ಕೆಂಪಾಗಿ ಬೆವರುತ್ತದೆ. ಜೊಲ್ಲು ಬರಿಸುವ ನರದ ಎಳೆಗಳು ದಾರಿ ತಪ್ಪಿ ಬೆವರಿನ ಗ್ರಂಥಿಗೆ ಹೋಗಿ ಸೇರಿಕೊಂಡಿರುತ್ತವೆ, ಅಷ್ಟೇ. ಗಡ್ಡೆ ಮರಳಿ ಬಂದಿದ್ದಲ್ಲ. ಟವೆಲ್ಲಿನಿಂದ ಒರೆಸಿ ಊಟ ಮುಂದುವರಿಸಲಿ, ಮುಂದಿನ ತಪಾಸಣೆಗೆ ಬಂದಾಗ ಹೇಳಿದರೆ ಸಾಕು.